ನಡುಮನೆಯಲ್ಲಿ ಟೆಂಟ್ ಸಿನಿಮಾ

ಎಸ್‌ಎಸ್‌ಎಲ್‌ಸಿ ಪರೀಕ್ಷೆ ಮುಗಿದ ಮೇಲೆ ಹುಡುಗರು ಮೇಷ್ಟರ ಮನೆಯ ಕಡೆ ತಲೆ ಹಾಕುವುದು ಕಡಿಮೆ. ಆದ್ದರಿಂದ ಕಳೆದ ಬೇಸಿಗೆ ರಜೆಯಲ್ಲಿ ನನ್ನ ವಿದ್ಯಾರ್ಥಿಯೊಬ್ಬ ತನ್ನ ತಂದೆಯೊಡನೆ ಬೆಳಿಗ್ಗೆ ಬೆಳಿಗ್ಗೆಯೇ ಬಾಗಿಲಲ್ಲಿ ನಿಂತಾಗ ನನಗೆ ಸ್ವಲ್ಪ ಗಾಬರಿಯೇ ಆಯಿತು. ತಂದೆ ಮಾಸ್ತಿಯ ಪಕ್ಕದ ಹಳ್ಳಿಯವರು. ಒಂದೂವರೆ ಎಕರೆಯಲ್ಲಿ ಟೊಮೆಟೊ ಬೆಳೆಯುತ್ತಾರೆ, ಎರಡು ಸೀಮೆ ಹಸು ಕಟ್ಟಿದ್ದಾರೆ. ಕುರ್ಚಿಯ ತುದಿಯಲ್ಲಿ ಕುಳಿತು ಅವರು ಹೇಳಿದ್ದು ಇಷ್ಟು:

"ನೀವೇ ಬುದ್ಧಿ ಹೇಳಿ ಮೇಷ್ಟ್ರೇ. ಮನೇಲೇ ಟಾಕೀಸ್ ಮಾಡ್ತೀನಿ ಅಂತಾನೆ ಇವನು. ಕಾಲೇಜಿಗೆ ಸೇರಿಸೋಕೆ ಅಂತ ಮೂವತ್ತೈದು ಸಾವಿರ ಎತ್ತಿಟ್ಟಿದ್ದೀನಿ. ಅದರ ಮೇಲೆ ಕಣ್ಣು ಇವನಿಗೆ."

ಹುಡುಗ ತಲೆ ತಗ್ಗಿಸಿಕೊಂಡೇ ಮೊಬೈಲ್ ಫೋನನ್ನು ನನ್ನ ಮುಂದೆ ಹಿಡಿದ. ಅದರಲ್ಲೊಂದು ಜಾಹೀರಾತು. ಅಂಗೈ ಮೇಲೆ ಕೂರುವಷ್ಟು ಪುಟ್ಟ ಪ್ರೊಜೆಕ್ಟರ್. 20,000 ಲೂಮೆನ್ ಬೆಳಕಂತೆ, 300 ಅಂಗುಲದ ಚಿತ್ರವಂತೆ, ಬೆಲೆ ಕೇವಲ 6,999 ರೂಪಾಯಿಯಂತೆ.

"ಯಾಕಪ್ಪಾ ಬೇಕು ಇದು?" ಎಂದು ಕೇಳಿದೆ. ಆಟಕ್ಕೆ, ಕ್ರಿಕೆಟ್ ನೋಡುವುದಕ್ಕೆ ಎಂಬ ಉತ್ತರ ನಿರೀಕ್ಷಿಸಿದ್ದೆ.

"ಅಜ್ಜಿಗೆ ಟಿ.ವಿ. ಕಾಣಲ್ಲ ಸಾರ್" ಎಂದ.

ಅಜ್ಜಿಗೆ ಎಪ್ಪತ್ತೆಂಟು ವರ್ಷ. ಎರಡೂ ಕಣ್ಣಿನ ಪೊರೆ ತೆಗೆಸಿದೆ. ಆದರೂ ಅಕ್ಷಿಪಟಲದ ನಡುಭಾಗ ಸವೆದಿರುವುದರಿಂದ ಸಣ್ಣದೇನೂ ಕಾಣುವುದಿಲ್ಲ, ಕನ್ನಡಕದಿಂದ ಹೆಚ್ಚು ಪ್ರಯೋಜನವಿಲ್ಲ ಎಂದು ವೈದ್ಯರು ಹೇಳಿದ್ದಾರೆ. ಮನೆಯಲ್ಲಿರುವುದು 24 ಅಂಗುಲದ ಟಿ.ವಿ. ಅಜ್ಜಿ ಅದರ ಮುಂದೆ ಕುಳಿತು ಮಾತು ಮಾತ್ರ ಕೇಳಿಸಿಕೊಳ್ಳುತ್ತಾರೆ. ಒಂದು ದಿನ ಮೊಮ್ಮಗನ ಹತ್ತಿರ, "ಟೆಂಟಲ್ಲಿ ರಾಜಕುಮಾರನ ಮುಖ ಎಷ್ಟು ದೊಡ್ಡದಾಗಿ ಕಾಣೋದು, ಈಗ ಎಲ್ಲಾ ಇರುವೆ ಆಗೋಗವ್ರೆ" ಎಂದರಂತೆ.

ಇಂಥ ಕಾರಣಕ್ಕೆ ಬುದ್ಧಿ ಹೇಳುವುದು ಹೇಗೆ? ತಂದೆಯ ಭಯವೂ ಸುಳ್ಳಲ್ಲ, ಹುಡುಗನ ಆಸೆಯೂ ತಪ್ಪಲ್ಲ. ಕೊನೆಗೆ ಮೂವರೂ ಒಂದು ಒಪ್ಪಂದಕ್ಕೆ ಬಂದೆವು. ಒಟ್ಟು ಖರ್ಚು 15 ಸಾವಿರ ದಾಟಕೂಡದು. ಪ್ರತಿಯೊಂದು ಸಾಮಾನಿನ ಲೆಕ್ಕವನ್ನೂ ಹುಡುಗನೇ ಹಾಕಿ ತೋರಿಸಬೇಕು. ಲೆಕ್ಕ ತಪ್ಪಿದರೆ ದುಡ್ಡು ಪೆಟ್ಟಿಗೆಗೆ ವಾಪಸ್.

ಜಾಹೀರಾತಿನ ಲೆಕ್ಕ

ಮೊದಲ ಲೆಕ್ಕ 20,000 ಲೂಮೆನ್‌ನದು. ಒಂದು ದೀಪ ಒಟ್ಟು ಎಷ್ಟು ಬೆಳಕು ಚೆಲ್ಲುತ್ತದೆ ಎಂಬುದರ ಅಳತೆಯೇ ಲೂಮೆನ್. ಜಾಹೀರಾತಿನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೊಂದು ಅಂಕಿ ಇತ್ತು: ಬಳಸುವ ವಿದ್ಯುತ್ 60 ವಾಟ್. ಇಂದಿನ ಅತ್ಯುತ್ತಮ ಬಿಳಿ ಎಲ್‌ಇಡಿ ದೀಪಗಳು ಒಂದು ವಾಟ್‌ಗೆ ಸುಮಾರು 200 ಲೂಮೆನ್ ಕೊಡುತ್ತವೆ. 60 ವಾಟ್ ಪೂರ್ತಿ ದೀಪಕ್ಕೇ ಹೋಯಿತೆಂದುಕೊಂಡರೂ 12,000 ದಾಟದು. ಇನ್ನು ಆ ಬೆಳಕೆಲ್ಲ ಗೋಡೆಗೆ ಬರುವುದೂ ಇಲ್ಲ. ಅಗ್ಗದ ಯಂತ್ರಗಳಲ್ಲಿರುವ ಎಲ್‌ಸಿಡಿ ಫಲಕದ ಧ್ರುವೀಕಾರಕ ಅರ್ಧಕ್ಕಿಂತ ಹೆಚ್ಚು ಬೆಳಕನ್ನು ನುಂಗುತ್ತದೆ. ಉಳಿದುದರಲ್ಲಿ ಮೂರನೇ ಎರಡು ಭಾಗವನ್ನು ಬಣ್ಣದ ಶೋಧಕಗಳು ನುಂಗುತ್ತವೆ. ಮಸೂರಕ್ಕೆ ಸಿಗದೆ ಪಕ್ಕಕ್ಕೆ ಸೋರುವ ಬೆಳಕು ಬೇರೆ. ಹೀಗಾಗಿ ಇಂಥ ಯಂತ್ರಗಳಿಂದ ಗೋಡೆಗೆ ತಲುಪುವುದು ಹೆಚ್ಚೆಂದರೆ ಕೆಲವು ನೂರು ಲೂಮೆನ್. ಶಕ್ತಿಯನ್ನು ಸೃಷ್ಟಿಸಲಾಗದು ಎಂಬ ಪಾಠವನ್ನು ಪರೀಕ್ಷೆಗೆ ಓದುತ್ತೇವೆ, ಕೊಳ್ಳುವಾಗ ಮರೆಯುತ್ತೇವೆ.

ಹುಡುಗ ಈ ಲೆಕ್ಕವನ್ನು ತಾನೇ ಮಾಡಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ಜಾಹೀರಾತನ್ನು ಮುಚ್ಚಿದ.

ಬೆಳಕನ್ನು ನಂಬಿಕೆಗೆ ತಕ್ಕ ಹಾಗೆ ಅಳೆಯುವ ಕ್ರಮವೊಂದಿದೆ. ಚಿತ್ರದ ಮೇಲೆ ಒಂಬತ್ತು ಸ್ಥಳಗಳಲ್ಲಿ ಬೆಳಕನ್ನು ಅಳೆದು, ಸರಾಸರಿ ತೆಗೆದು, ಚಿತ್ರದ ವಿಸ್ತೀರ್ಣದಿಂದ ಗುಣಿಸಬೇಕು. ಇದಕ್ಕೆ 'ಆನ್ಸಿ ಲೂಮೆನ್' ಎನ್ನುತ್ತಾರೆ. ಕಚೇರಿ, ಕಾಲೇಜುಗಳಿಗೆಂದು ತಯಾರಾದ ಹೆಸರುವಾಸಿ ಪ್ರೊಜೆಕ್ಟರುಗಳ ಮೇಲೆ ಸಾಮಾನ್ಯವಾಗಿ ಇಂಥ ಅಳತೆಯ ಅಂಕಿಯೇ ಇರುತ್ತದೆ. ಕಚೇರಿಗಳು ಐದಾರು ವರ್ಷ ಬಳಸಿ ಮಾರುವ ಯಂತ್ರಗಳು ಹಳೆ ಸಾಮಾನಿನ ಅಂಗಡಿಗಳಿಗೆ ಬರುತ್ತವೆ. ಕಡಿಮೆ ದುಡ್ಡಿರುವವರು ನೋಡಬೇಕಾದದ್ದು ಅಲ್ಲಿಯೇ.

ನಾನು ಮೋಸಹೋದ ಕತೆ

ಹಳೆಯದು ಎಂದ ಕೂಡಲೇ ಎಚ್ಚರಿಕೆ ಬೇಕು. ಇದನ್ನು ನಾನು ದುಡ್ಡು ಕೊಟ್ಟು ಕಲಿತಿದ್ದೇನೆ. 2019ರಲ್ಲಿ ಶಾಲೆಯ ಮಕ್ಕಳಿಗೆ ತೋರಿಸೋಣವೆಂದು ಬೆಂಗಳೂರಿನ ಒಂದು ಅಂಗಡಿಯಲ್ಲಿ 9,000 ರೂಪಾಯಿಗೆ ಹಳೆಯ ಪ್ರೊಜೆಕ್ಟರ್ ಕೊಂಡೆ. ದೀಪ ಎಷ್ಟು ಗಂಟೆ ಉರಿದಿದೆ ಎಂದು ತೋರಿಸುವ ಎಣಿಕೆ ಇಂಥ ಯಂತ್ರಗಳಲ್ಲಿರುತ್ತದೆ. ಅದು 412 ಗಂಟೆ ಎಂದಿತು. ನಾನು ಹಿಗ್ಗಿ ಹೀರೇಕಾಯಿಯಾಗಿ ಮನೆಗೆ ತಂದೆ. ಮೂರೇ ವಾರಕ್ಕೆ, ಮಕ್ಕಳ ಎದುರಿನಲ್ಲೇ, 'ಪಟ್' ಎಂದು ದೀಪ ಹೋಯಿತು. ಹೊಸ ದೀಪ ಹಾಕಿದವರು ಎಣಿಕೆಯನ್ನು ಸೊನ್ನೆಗೆ ತರಲೆಂದು ಯಂತ್ರದಲ್ಲೇ ಒಂದು ಸೌಲಭ್ಯವಿರುತ್ತದೆ. ಹೊಸ ದೀಪ ಹಾಕದೆಯೂ ಅದನ್ನು ಒತ್ತಬಹುದು ಎಂದು ನನಗೆ ಹೊಳೆದಿರಲಿಲ್ಲ. ಹೊಸ ದೀಪಕ್ಕೆ ಯಂತ್ರದ ಅರ್ಧ ಬೆಲೆ ತೆತ್ತೆ.

ಈ ದೀಪ ಸಾಮಾನ್ಯ ಬಲ್ಬಲ್ಲ. ಬಟಾಣಿಯಷ್ಟು ದೊಡ್ಡ ಸ್ಫಟಿಕದ ಗುಳ್ಳೆಯೊಳಗೆ ಪಾದರಸದ ಆವಿ. ಉರಿಯುವಾಗ ಒಳಗಿನ ಒತ್ತಡ ವಾಯುಮಂಡಲದ ಒತ್ತಡದ ಸುಮಾರು 200 ಪಟ್ಟು. ಎರಡು ಟಂಗ್‌ಸ್ಟನ್ ತುದಿಗಳ ನಡುವೆ, ಒಂದು ಮಿಲಿಮೀಟರಿನ ಆಸುಪಾಸಿನ ಸಂದಿಯಲ್ಲಿ, ವಿದ್ಯುತ್ ಚಾಪ ಉರಿಯುತ್ತದೆ. ಪೆಟ್ಟಿಗೆಯ ಮೇಲೆ 3,000 ಅಥವಾ 4,000 ಗಂಟೆ ಎಂದು ಬರೆದಿರುವುದರ ಅರ್ಥ, ಅಷ್ಟು ಹೊತ್ತಿಗೆ ಬೆಳಕು ಅರ್ಧಕ್ಕೆ ಇಳಿಯುತ್ತದೆ ಎಂದು. ಅಂದರೆ ಉರಿಯುತ್ತಿದೆ ಎಂದ ಮಾತ್ರಕ್ಕೆ ದೀಪ ಚೆನ್ನಾಗಿದೆ ಎಂದಲ್ಲ.

ಹಾಗಾದರೆ ಎಣಿಕೆಯನ್ನು ನಂಬದೆ ದೀಪವನ್ನು ಪರೀಕ್ಷಿಸುವುದು ಹೇಗೆ? ಮೇಲೆ ಹೇಳಿದ ಒಂಬತ್ತು ಸ್ಥಳಗಳ ಲೆಕ್ಕವೇ ದಾರಿ. ಬೆಳಕನ್ನು ಲಕ್ಸ್‌ನಲ್ಲಿ ತೋರಿಸುವ ಉಚಿತ ಆ್ಯಪ್‌ಗಳು ಮೊಬೈಲಿಗೆ ಸಿಗುತ್ತವೆ. ಅವು ಪ್ರಯೋಗಾಲಯದ ಉಪಕರಣಗಳಲ್ಲ, ಆದರೆ ಅಂದಾಜಿಗೆ ಸಾಕು.

ಅಂಗಡಿಯಲ್ಲಿ ಒಂದು ಪರೀಕ್ಷೆ

ನಾವು ಮಾಲೂರಿನಿಂದ ರೈಲು ಹತ್ತಿ ಬೆಂಗಳೂರಿಗೆ ಹೋದೆವು. ಮೂರು ಅಂಗಡಿ ನೋಡಿ ನಾಲ್ಕನೆಯದರಲ್ಲಿ ಒಂದು ಯಂತ್ರ ಹಿಡಿಸಿತು. ಹೊಸದಾಗಿದ್ದಾಗ 2,700 ಲೂಮೆನ್. ಅಂಗಡಿಯವರು 11,000 ಹೇಳಿದರು. "ದೀಪ ಹೊಸದರಂಗೇ ಐತೆ ಸಾರ್" ಎಂದರು.

ಹುಡುಗ ಅಂಗಡಿಯ ಹಿಂದಿನ ಕತ್ತಲ ಮೂಲೆಯ ಗೋಡೆಗೆ 1 ಮೀಟರ್ ಅಗಲ, ಮುಕ್ಕಾಲು ಮೀಟರ್ ಎತ್ತರದ ಬಿಳಿ ಚಿತ್ರ ಬಿಟ್ಟ. ಮೊದಲು ಮಸೂರಕ್ಕೆ ಮುಚ್ಚಳ ಹಾಕಿ ಅಳೆದ. ಸುತ್ತಲಿನ ಬೆಳಕೇ 40 ಲಕ್ಸ್ ಇತ್ತು. ಆಮೇಲೆ ಮುಚ್ಚಳ ತೆಗೆದು ಒಂಬತ್ತು ಕಡೆ ಫೋನಿಟ್ಟು ಬರೆದುಕೊಂಡ. ಸರಾಸರಿ 1,640. ಅದರಲ್ಲಿ 40 ಕಳೆದರೆ 1,600. ವಿಸ್ತೀರ್ಣ 0.75 ಚದರ ಮೀಟರ್. ಗುಣಿಸಿದರೆ 1,200 ಲೂಮೆನ್. 2,700ರಲ್ಲಿ 1,200 ಎಂದರೆ ಶೇ. 44. ದೀಪದ ಆಯುಸ್ಸು ಅರ್ಧದ ಗೆರೆ ದಾಟಿದೆ!

ಕಾಗದವನ್ನು ಅಂಗಡಿಯವರ ಮುಂದಿಟ್ಟೆವು. ಅವರು ಲೆಕ್ಕವನ್ನು ನೋಡಿದರು, ಹುಡುಗನನ್ನು ನೋಡಿದರು, ನಕ್ಕುಬಿಟ್ಟರು. 8,000ಕ್ಕೆ ಇಳಿದರು. ಸುತ್ತಲಿನ ಬೆಳಕನ್ನು ಕಳೆಯಬೇಕೆಂದು ನಾನು ಅವನಿಗೆ ಹೇಳಿಕೊಟ್ಟಿರಲಿಲ್ಲ. ಅದಕ್ಕೆ ಮನಸ್ಸಿನಲ್ಲೇ ಪೂರ್ತಿ ಅಂಕ ಕೊಟ್ಟೆ.

ಹಳೆಯ ಪ್ರೊಜೆಕ್ಟರ್ ಕೊಳ್ಳುವವರು ಇನ್ನೂ ಕೆಲವನ್ನು ನೋಡಬೇಕು. ಕನಿಷ್ಠ ಅರ್ಧ ಗಂಟೆ ಉರಿಸಿ. ಬಿಸಿಯಾದ ಮೇಲೆ ತಾನೇ ಆರಿದರೆ ಫ್ಯಾನಿನಲ್ಲೋ ದೂಳಿನಲ್ಲೋ ತೊಂದರೆ ಇದೆ. ಪೂರ್ತಿ ಬಿಳಿ ಚಿತ್ರ ಬಿಟ್ಟು ಹಳದಿ ಅಥವಾ ನೀಲಿ ಕಲೆ ಇದೆಯೇ ನೋಡಿ. ಇದ್ದರೆ ಎಲ್‌ಸಿಡಿ ಫಲಕದ ಭಾಗಗಳು ಬಿಸಿಗೆ ಸುಟ್ಟಿವೆ, ಅದು ರಿಪೇರಿಗೆ ಬಗ್ಗದು. ಪೂರ್ತಿ ಕಪ್ಪು ಚಿತ್ರ ಬಿಟ್ಟು ಬಿಳಿ ಚುಕ್ಕಿಗಳಿವೆಯೇ ನೋಡಿ. ಡಿಎಲ್‌ಪಿ ಮಾದರಿಯಲ್ಲಿ ಕನ್ನಡಿಗಳು ಸತ್ತಿದ್ದರೆ ಹೀಗಾಗುತ್ತದೆ. ಅದೇ ಮಾದರಿಗೆ ಹೊಸ ದೀಪ ಈಗಲೂ ಸಿಗುತ್ತದೆಯೇ, ಬೆಲೆ ಎಷ್ಟು ಎಂದು ಕೇಳಿಯೇ ಯಂತ್ರದ ಬೆಲೆ ಕಟ್ಟಿ.

ಕನ್ನಡಿಗಳೆಂದೆನಲ್ಲ, ಅದು ಒಂದು ಸೋಜಿಗ. ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪೆನಿಯ ವಿಜ್ಞಾನಿ ಲ್ಯಾರಿ ಹಾರ್ನ್‌ಬೆಕ್ 1987ರಲ್ಲಿ ಇದನ್ನು ಕಂಡುಹಿಡಿದರು. ಉಗುರಿನಷ್ಟು ಚಿಪ್ಪಿನ ಮೇಲೆ ಲಕ್ಷಾಂತರ ಕನ್ನಡಿಗಳು. ಒಂದೊಂದೂ ಕೂದಲೆಳೆಯ ದಪ್ಪದ ಐದನೇ ಒಂದು ಭಾಗದಷ್ಟು ಅಗಲ. ಪ್ರತಿಯೊಂದೂ ಸೆಕೆಂಡಿಗೆ ಸಾವಿರಾರು ಸಲ ಅತ್ತಿತ್ತ ವಾಲಿ ಬೆಳಕನ್ನು ಮಸೂರಕ್ಕೋ ಗೋಡೆಗೆ ಬಾರದಂತೆ ಪಕ್ಕಕ್ಕೋ ಕಳಿಸುತ್ತದೆ. ಈ ಕೆಲಸಕ್ಕೆ 2015ರಲ್ಲಿ ಅವರಿಗೆ ತಾಂತ್ರಿಕ ವಿಭಾಗದ ಆಸ್ಕರ್ ಬಂತು.

ತಲೆಕೆಳಗಾದ ರೀಲು

ನಾವು ಚಿಕ್ಕವರಿದ್ದಾಗ ನಮ್ಮ ಕಡೆ ಟೆಂಟ್ ಬಂತೆಂದರೆ ಅದೇ ಹಬ್ಬ. ಧ್ವನಿವರ್ಧಕದಲ್ಲಿ ವೆಂಕಟೇಶನ ಹಾಡು ಕೇಳಿಸಿತೆಂದರೆ ಟಿಕೆಟ್ ಕೊಡಲು ಶುರು ಮಾಡಿದ್ದಾರೆ ಎಂದರ್ಥ. ನಾನು ಪರದೆಗಿಂತ ಹೆಚ್ಚಾಗಿ ತಲೆಯ ಮೇಲೆ ಹಾದುಹೋಗುವ ಬೆಳಕಿನ ಕೋಲನ್ನು, ಅದರೊಳಗೆ ಕುಣಿಯುವ ಬೀಡಿ ಹೊಗೆಯನ್ನು ನೋಡುತ್ತಿದ್ದವನು. ಒಂದು ದಿನ ಪ್ರೊಜೆಕ್ಟರ್ ಕೋಣೆಯ ಕಿಂಡಿಯಲ್ಲಿ ಇಣುಕಿದಾಗ ಆಪರೇಟರ್ ರೀಲನ್ನು ತಲೆಕೆಳಗಾಗಿ ಹಾಕುತ್ತಿದ್ದುದು ಕಂಡಿತು. ತಪ್ಪು ಮಾಡುತ್ತಿದ್ದಾನೆ ಎಂದು ಕೂಗಿ ಹೇಳಿ ಬೈಸಿಕೊಂಡೆ. ಅದರ ಅರ್ಥ ತಿಳಿದದ್ದು ಹತ್ತನೇ ತರಗತಿಯಲ್ಲಿ.

ಪೀನ ಮಸೂರದ ಮುಂದೆ, ಅದರ ನಾಭಿಗಿಂತ ಸ್ವಲ್ಪ ಆಚೆ ವಸ್ತುವನ್ನಿಟ್ಟರೆ ಇನ್ನೊಂದು ಪಕ್ಕದಲ್ಲಿ ದೊಡ್ಡದಾದ, ತಲೆಕೆಳಗಾದ, ಸತ್ಯ ಬಿಂಬ ಮೂಡುತ್ತದೆ. ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರೆಯುವ ಈ ವಾಕ್ಯವೇ ಪ್ರೊಜೆಕ್ಟರ್. ಟೆಂಟಿನಲ್ಲಿ ಸುಮಾರು 22 ಮಿಲಿಮೀಟರ್ ಅಗಲದ ಫಿಲ್ಮು ದೊಡ್ಡ ಪರದೆಯಾಗುತ್ತಿತ್ತು. ನಮ್ಮ ಹುಡುಗನ ಯಂತ್ರದಲ್ಲಿ ಸುಮಾರು 13 ಮಿಲಿಮೀಟರ್ ಅಗಲದ ಫಲಕ 6 ಅಡಿಯಾಗುತ್ತದೆ, ಎಂದರೆ 140 ಪಟ್ಟು. ರೀಲು ಹೋಗಿದೆ, ಕಾರ್ಬನ್ ಕಡ್ಡಿಗಳ ಚಾಪದೀಪ ಹೋಗಿದೆ. ಮಸೂರದ ನಿಯಮ ಮಾತ್ರ ಅದೇ.

ಎಷ್ಟು ದೊಡ್ಡ ಚಿತ್ರ?

ಎಲ್ಲರೂ ಎಡವುವುದು ಇಲ್ಲಿಯೇ. ಯಂತ್ರವನ್ನು ಹಿಂದೆ ಸರಿಸಿದಷ್ಟೂ ಚಿತ್ರ ದೊಡ್ಡದಾಗುತ್ತದೆ. ಆದರೆ ಇರುವ ಬೆಳಕು ಅಷ್ಟೇ. ತೆಳುವಾಗಿ ಹರಡುತ್ತದೆ.

ಇವನ ಯಂತ್ರದ ಚಿತ್ರಬಿಂದುಗಳು 1024×768. ಇದು ಹಳೆಯ ಟಿ.ವಿ.ಯ ಆಕಾರ. ಈಗಿನ ಅಗಲ ಚಿತ್ರ ಬಿಟ್ಟಾಗ ಮೇಲೂ ಕೆಳಗೂ ಪಟ್ಟಿ ಬಿಟ್ಟು 1024×576 ಮಾತ್ರ ಬಳಕೆಯಾಗುತ್ತದೆ, ಎಂದರೆ ಮುಕ್ಕಾಲು ಭಾಗ. ಹಾಗಾಗಿ 1,200 ಲೂಮೆನ್‌ನಲ್ಲಿ ಚಿತ್ರಕ್ಕೆ ಸಿಗುವುದು 900. ಆರು ಅಡಿ ಅಗಲದ ಚಿತ್ರದ ವಿಸ್ತೀರ್ಣ 20.25 ಚದರ ಅಡಿ. ಒಂದು ಚದರ ಅಡಿಗೆ 44 ಲೂಮೆನ್ ಬೀಳುತ್ತದೆ. ಹನ್ನೆರಡು ಅಡಿಗೆ ಹಿಗ್ಗಿಸಿದರೆ 81 ಚದರ ಅಡಿ, ಆಗ 11 ಮಾತ್ರ. ಅಗಲ ಎರಡರಷ್ಟಾದರೆ ಬೆಳಕು ನಾಲ್ಕನೇ ಒಂದು!

ಈಗ ಒಂದು ಸಮಾಧಾನದ ಸಂಗತಿ. ಫಿಲ್ಮ್ ಓಡುತ್ತಿದ್ದ ಚಿತ್ರಮಂದಿರಗಳ ಪರದೆಗೆ ನಿಗದಿಯಾಗಿದ್ದ ಪ್ರಕಾಶ ಇದೇ ಅಳತೆಯಲ್ಲಿ 16. ಡಿಜಿಟಲ್ ಸಿನಿಮಾಕ್ಕೆ 14. ಅಂದರೆ ಮುದಿ ದೀಪದ ಈ ಯಂತ್ರವೂ ಬಿಳಿ ಗೋಡೆಯ ಮೇಲೆ 10 ಅಡಿ ಅಗಲದವರೆಗೆ ಚಿತ್ರಮಂದಿರದ ಹತ್ತಿರ ಹತ್ತಿರದ ಪ್ರಕಾಶ ಕೊಡುತ್ತದೆ. ಗೋಡೆ ಸ್ವಲ್ಪ ಬೆಳಕನ್ನು ನುಂಗುವುದರಿಂದ ಎಂಟು ಅಡಿ ಎಂದಿಟ್ಟುಕೊಳ್ಳಿ.

ಒಂದು ಷರತ್ತು ಮಾತ್ರ ಉಂಟು: ಕತ್ತಲೆ ಬೇಕು. ಪ್ರೊಜೆಕ್ಟರ್ ಬಿಳಿಯನ್ನು ಎಸೆಯಬಲ್ಲದು, ಕೆಂಪನ್ನು ಎಸೆಯಬಲ್ಲದು, ಕಪ್ಪನ್ನು ಎಸೆಯಲಾರದು. ಚಿತ್ರದಲ್ಲಿ ಕಾಣುವ ಕಪ್ಪೆಂದರೆ ಬೆಳಕು ಬೀಳದ ಗೋಡೆ. ಟ್ಯೂಬ್‌ಲೈಟ್ ಉರಿಯುತ್ತಿದ್ದರೆ ಗೋಡೆ ಎಷ್ಟು ಬೆಳ್ಳಗಿದೆಯೋ ನಿಮ್ಮ ನಾಯಕನ ಮೀಸೆಯೂ ಅಷ್ಟೇ ಬೆಳ್ಳಗಿರುತ್ತದೆ.

2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ಮೇಲೆ ಇಳಿದದ್ದು ಸಂಜೆ 6 ಗಂಟೆ 4 ನಿಮಿಷಕ್ಕೆ. ಹೊಸ ದೀಪ ಹಾಕಿಸಿದ್ದ ನನ್ನ ಯಂತ್ರವನ್ನು ತರಗತಿಯಲ್ಲಿಟ್ಟು ಮಕ್ಕಳನ್ನು ಕೂರಿಸಿದ್ದೆ. ಹೊರಗೆ ಇನ್ನೂ ಬಿಸಿಲು. ಗೋಡೆಯ ಮೇಲೆ ಏನೂ ಕಾಣದು. ಆಗ ಹುಡುಗರು ಓಡಿಹೋಗಿ ರೇಷ್ಮೆ ಮನೆಯ ಗೋಣಿತಾಟುಗಳನ್ನೂ ಒಂದು ಕಪ್ಪು ಟಾರ್ಪಾಲನ್ನೂ ತಂದು ಕಿಟಕಿಗಳಿಗೆ ಬಿಗಿದರು. ಚಿತ್ರ ಮೂಡಿತು. ಇಳಿಯಿತು ಎಂದಾಗ ಎದ್ದ ಕೂಗಿಗೆ ಒಂದು ಟಾರ್ಪಾಲಿನ ಮೂಲೆ ಕಳಚಿಬಿತ್ತು, ಯಾರೂ ಲೆಕ್ಕಿಸಲಿಲ್ಲ. ಹಗಲಿನಲ್ಲಿ ಸುದ್ದಿ, ಧಾರಾವಾಹಿ ನೋಡುವ ಮನೆಗೆ ಪ್ರೊಜೆಕ್ಟರ್ ಬೇಡ, ಟಿ.ವಿ.ಯೇ ಸರಿ.

ಗೋಡೆ, ತಂತಿ, ಸದ್ದು

ಪರದೆಗೆ ದುಡ್ಡು ಹಾಕಬೇಡಿ. ಹೊಳಪಿಲ್ಲದ ಬಿಳಿ ಬಣ್ಣ ಬಳಿದ ನುಣುಪು ಗೋಡೆ ಸಾಕು. ಹೊಳೆಯುವ ಪೇಂಟ್ ಆದರೆ ನಡುವೆ ದೀಪದ ಬಿಂಬ ಕಣ್ಣಿಗೆ ಕುಕ್ಕುತ್ತದೆ. ಪಂಚೆ ಕಟ್ಟಿದರೆ ಬೆಳಕು ಆಚೆಗೆ ಸೋರಿಹೋಗುತ್ತದೆ. ಟೆಂಟಿನಲ್ಲಿ ಪರದೆಯ ಹಿಂದೆ ಕುಳಿತವರಿಗೂ ಸಿನಿಮಾ ಕಾಣುತ್ತಿದ್ದುದು ಹೀಗೆಯೇ, ಅಕ್ಷರಗಳು ಮಾತ್ರ ತಿರುಗುಮುರುಗು.

ಯಂತ್ರವನ್ನು ಗೋಡೆಗೆ ನೇರವಾಗಿ ಇಡಿ. ಓರೆಯಾಗಿಟ್ಟು ಗುಂಡಿ ಒತ್ತಿ ಚಿತ್ರವನ್ನು ಚೌಕ ಮಾಡಿಕೊಳ್ಳಬಹುದು, ಆದರೆ ಆಗ ಒಂದಿಷ್ಟು ಚಿತ್ರಬಿಂದುಗಳು ವ್ಯರ್ಥವಾಗುತ್ತವೆ. ಬಹಳಷ್ಟು ಕಚೇರಿ ಯಂತ್ರಗಳಿಗೆ ಚಿತ್ರದ ಅಗಲದ ಒಂದೂವರೆಯಿಂದ ಎರಡರಷ್ಟು ದೂರ ಬೇಕು. ಆರಡಿ ಚಿತ್ರಕ್ಕೆ ಒಂಬತ್ತರಿಂದ ಹನ್ನೆರಡು ಅಡಿ.

ಚಿತ್ರಬಿಂದುಗಳು ಕಡಿಮೆಯಾದರೆ ಕಾಣುವುದಿಲ್ಲವೇ ಎಂದು ಕೇಳುವವರಿದ್ದಾರೆ. ಆರಡಿ ಅಗಲದಲ್ಲಿ 1024 ಬಿಂದುಗಳೆಂದರೆ ಒಂದೊಂದು ಬಿಂದು 1.8 ಮಿಲಿಮೀಟರ್. ಆರೋಗ್ಯವಂತ ಕಣ್ಣು ಇದನ್ನು 6 ಮೀಟರ್ ದೂರದವರೆಗೆ ಬೇರೆ ಬೇರೆಯಾಗಿ ಗುರುತಿಸಬಲ್ಲದು. ಹತ್ತಡಿಯಲ್ಲಿ ಕುಳಿತ ಹುಡುಗನಿಗೆ ಬಲೆಯಂತೆ ಸ್ವಲ್ಪ ಕಂಡೀತು. ಅಜ್ಜಿಗೆ ಅದರ ಚಿಂತೆಯಿಲ್ಲ. 1920×1080 ಬಿಂದುಗಳ ಹಳೆಯ ಯಂತ್ರ ಕೈಗೆಟುಕಿದರೆ ಅದೇ ಉತ್ತಮ. ಆದರೆ 'ಸಪೋರ್ಟ್ಸ್ 1080' ಎಂದಿದ್ದರೆ ಮೋಸಹೋಗಬೇಡಿ. ಆ ಚಿತ್ರವನ್ನು ಅದು ಒಳಗೆ ತೆಗೆದುಕೊಳ್ಳುತ್ತದೆ, ಕುಗ್ಗಿಸಿ ತೋರಿಸುತ್ತದೆ ಎಂದಷ್ಟೇ ಅದರ ಅರ್ಥ. 'ನೇಟಿವ್' ಎಷ್ಟು ಎಂದು ಕೇಳಿ.

ಮೊಬೈಲಿನಿಂದ ನೇರವಾಗಿ ತಂತಿ ಹಾಕಿದರೆ ಕಡಿಮೆ ಬೆಲೆಯ ಅನೇಕ ಫೋನುಗಳು ಚಿತ್ರವನ್ನು ಹೊರಗೆ ಕಳಿಸುವುದಿಲ್ಲ. ಹುಡುಗನ ಚಿಕ್ಕಪ್ಪನ ಮಗ ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಕೆಲಸಕ್ಕಿದ್ದಾನೆ, ತನ್ನ ಹಳೆಯ ಲ್ಯಾಪ್‌ಟಾಪ್ ಕೊಟ್ಟ.

ಸದ್ದು ಪರದೆಯ ಕಡೆಯಿಂದಲೇ ಬರಬೇಕು. ಯಂತ್ರದೊಳಗಿನ ಪುಟ್ಟ ಸ್ಪೀಕರನ್ನು ನಂಬಿದರೆ ನಾಯಕ ಮುಂದೆ ಬಾಯಿ ತೆರೆಯುತ್ತಾನೆ, ಮಾತು ನಮ್ಮ ಬೆನ್ನ ಹಿಂದೆ ಹುಟ್ಟುತ್ತದೆ. ತಂತಿಯ ಸ್ಪೀಕರೇ ಲೇಸು. ಬ್ಲೂಟೂತ್ ಸ್ಪೀಕರುಗಳಲ್ಲಿ ಸದ್ದು ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ತಡವಾಗುವುದುಂಟು. 0.15 ಸೆಕೆಂಡ್ ತಡವಾಯಿತೆನ್ನಿ. ಸದ್ದು ಸೆಕೆಂಡಿಗೆ 340 ಮೀಟರ್ ಹೋಗುತ್ತದೆ. ನಾಯಕ 50 ಮೀಟರ್ ಆಚೆ ನಿಂತು ಮಾತನಾಡಿದ ಹಾಗಾಯಿತು. ಇನ್ನು ನಮ್ಮ ಕಡೆಯ ಕಲ್ಲುಚಪ್ಪಡಿಯ ಮನೆಗಳಲ್ಲಿ ಸದ್ದು ಗೊಂಯ್‌ಗುಡುತ್ತದೆ. ಹಿಂದಿನ ಗೋಡೆಗೆ ಎರಡು ಕಂಬಳಿ ತೂಗುಹಾಕಿ, ಮಾತು ಬಿಡಿಬಿಡಿಯಾಗಿ ಕೇಳುತ್ತದೆ.

ಹುಡುಗ ತಂದೆಗೆ ಒಪ್ಪಿಸಿದ ಲೆಕ್ಕ ಹೀಗಿತ್ತು: ಯಂತ್ರ 8,000. ಹತ್ತು ಮೀಟರ್ ತಂತಿ 900. ಹಳೆಯ ಸ್ಪೀಕರ್ ರಿಪೇರಿ 600. ಗೋಡೆಗೆ ಬಣ್ಣ 350. ಒಟ್ಟು 9,850. ಮುಂದೊಮ್ಮೆ ಹೊಸ ದೀಪಕ್ಕೆಂದು ಎತ್ತಿಟ್ಟದ್ದು 4,500. ಎಲ್ಲ ಸೇರಿ 14,350. ಉಳಿದ 650 ರೂಪಾಯಿಯನ್ನು ತಂದೆಯ ಕೈಗಿಟ್ಟ.

ಕೆಲವು ಎಚ್ಚರಿಕೆಗಳು

ಉರಿಯುವ ಮಸೂರದೊಳಗೆ ಕಣ್ಣಿಟ್ಟು ನೋಡಬಾರದು. ಚಿಕ್ಕ ಮಕ್ಕಳಿಗೆ ಮೊದಲೇ ಹೇಳಿಡಿ. ಭೂಸಂಪರ್ಕವಿರುವ ಮೂರು ಪಿನ್ನಿನ ಸಾಕೆಟ್ಟನ್ನೇ ಬಳಸಿ. ಗಾಳಿಕಿಂಡಿಗಳ ಸುತ್ತ ಒಂದಡಿ ಜಾಗ ಬಿಡಿ, ಕೆಳಗೆ ಬಟ್ಟೆ ಹಾಸಬೇಡಿ. ಮುಗಿದ ಮೇಲೆ ಗುಂಡಿ ಒತ್ತಿ ಆರಿಸಿ, ಫ್ಯಾನ್ ನಿಂತ ಮೇಲೆ ಪ್ಲಗ್ ಕೀಳಿ. ದೀಪ ಬದಲಿಸುವುದಿದ್ದರೆ ಪೂರ್ತಿ ತಣ್ಣಗಾದ ಮೇಲೆ, ಗಾಜನ್ನು ಬೆರಳಿನಿಂದ ಮುಟ್ಟದೆ ಬದಲಿಸಿ. ಒಳಗೆ ದೀಪ ಒಡೆದರೆ ಪ್ಲಗ್ ಕಿತ್ತು, ಕಿಟಕಿ ಬಾಗಿಲು ತೆರೆದು, ಎಲ್ಲರೂ ಸ್ವಲ್ಪ ಹೊತ್ತು ಹೊರಗಿರಿ. ಪಾದರಸದ ಆವಿ ಒಳ್ಳೆಯದಲ್ಲ.

ಮನೆಯವರು ನೋಡುವುದಕ್ಕೂ ಊರಿಗೆ ತೋರಿಸುವುದಕ್ಕೂ ವ್ಯತ್ಯಾಸವಿದೆ. ಟಿಕೆಟ್ ಇಟ್ಟು ತೋರಿಸಲು 1964ರ ಕರ್ನಾಟಕ ಸಿನಿಮಾ ನಿಯಂತ್ರಣ ಕಾಯ್ದೆಯಂತೆ ಪರವಾನಗಿ ಬೇಕು, ಚಿತ್ರದ ಹಕ್ಕುದಾರರ ಒಪ್ಪಿಗೆಯೂ ಬೇಕು.

ಪೋಷಕರ ಚಿಂತೆಗೂ ಒಂದು ಲೆಕ್ಕವಿದೆ. ವಾರಕ್ಕೆ ಎರಡು ಸಿನಿಮಾ, ಆರು ಗಂಟೆ ಎಂದರೆ ವರ್ಷಕ್ಕೆ 312 ಗಂಟೆ. 3,000 ಗಂಟೆಯ ಹೊಸ ದೀಪ ಒಂಬತ್ತು ವರ್ಷಕ್ಕೂ ಹೆಚ್ಚು ಬಂದೀತು. ದಿನಕ್ಕೆ ಆರು ಗಂಟೆ ಉರಿಸಿದರೆ ಒಂದೂವರೆ ವರ್ಷವೂ ಬಾರದು. "ವಾರಕ್ಕೆ ಎರಡೇ" ಎಂಬ ನಿಯಮವನ್ನು ಅಪ್ಪ ಹಾಕಬೇಕಾಗಲಿಲ್ಲ, ದೀಪವೇ ಹಾಕಿತು.

ಮೊದಲ ಆಟ

ಮೊದಲ ರಾತ್ರಿ ನನ್ನನ್ನೂ ಕರೆದಿದ್ದರು. ಅಜ್ಜಿಯ ಆಯ್ಕೆ 1972ರ 'ಬಂಗಾರದ ಮನುಷ್ಯ'. ತಂದೆ ಜಗಲಿಯಲ್ಲಿ ಕುಳಿತು ಮಂಡಿಯ ಚೀಟಿಗಳ ಲೆಕ್ಕ ನೋಡುತ್ತಿದ್ದರು, ಒಳಗೆ ಬರಲಿಲ್ಲ. ಅಜ್ಜಿಗೆ ಗೋಡೆಯಿಂದ ಆರಡಿ ದೂರದಲ್ಲಿ ಮಣೆ ಹಾಕಿದ್ದ ಹುಡುಗ. ಅಜ್ಜಿ ನೇರ ನೋಡದೆ, ಮುಖವನ್ನು ಸ್ವಲ್ಪ ಓರೆ ಮಾಡಿಕೊಂಡು ನೋಡುತ್ತಿದ್ದರು. ನಡುಭಾಗ ಸವೆದ ಕಣ್ಣಿನವರು ಅಂಚಿನಿಂದ ನೋಡುವುದೇ ಹಾಗೆ. ರಾಜ್‌ಕುಮಾರ್ ಮುಖ ಗೋಡೆ ತುಂಬ ಬಂದಾಗ ಅವರು, "ಅಗೋ, ನಗ್ತಾವ್ನೆ ನೋಡು" ಎಂದರು. ನಗುವುದು ಕಂಡಿತು ಅವರಿಗೆ.

ಕಲ್ಲುಭೂಮಿಯನ್ನು ಹಸನು ಮಾಡುವ ಭಾಗ ಬರುವ ಹೊತ್ತಿಗೆ ತಂದೆ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದರು. ಚೀಟಿಗಳು ಜೇಬಿಗೆ ಹೋಗಿದ್ದವು.

ಅಷ್ಟರಲ್ಲಿ ಕರೆಂಟ್ ಹೋಯಿತು. ಐದು ನಿಮಿಷಕ್ಕೆ ಬಂತು. ಆದರೆ ದೀಪ ಹತ್ತಲೊಲ್ಲದು. ಬಿಸಿ ದೀಪದೊಳಗೆ ಆವಿಯ ಒತ್ತಡ ಇಳಿಯುವವರೆಗೆ ಚಾಪ ಮತ್ತೆ ಹೊತ್ತಿಕೊಳ್ಳುವುದಿಲ್ಲ, ಸ್ವಲ್ಪ ಕಾಯಬೇಕು ಎಂದು ನಾನು ವಿವರಿಸತೊಡಗಿದೆ. ಹುಡುಗ ಮುಖ ಸಪ್ಪಗೆ ಮಾಡಿಕೊಂಡಿದ್ದ. ಕತ್ತಲಲ್ಲಿ ಅಜ್ಜಿಯ ದನಿ ಕೇಳಿತು:

"ಯಾಕ್ ಒದ್ದಾಡ್ತೀಯೋ ಮಗ, ರೀಲು ಬದಲಾಯಿಸ್ತಾವ್ರೆ. ಹೋಗಿ ಒಂದಿಷ್ಟು ಕಡ್ಲೇಕಾಯಿ ತಗೊಂಬಾ."

ಹೌದು, ಒಂದೇ ಪ್ರೊಜೆಕ್ಟರ್ ಇದ್ದ ಟೆಂಟುಗಳಲ್ಲಿ ರೀಲು ಬದಲಿಸುವಾಗಲೆಲ್ಲ ಆಟ ನಿಲ್ಲುತ್ತಿತ್ತು. ಕಡಲೆಕಾಯಿ ತರಲು ಎದ್ದವರು ಹುಡುಗನಲ್ಲ, ಅವನ ತಂದೆ.

ಮಾಡಿ ನೋಡಿ: ಒಂದು ಭೂತಗನ್ನಡಿ ತೆಗೆದುಕೊಳ್ಳಿ. ಕಿಟಕಿಯ ಎದುರಿನ ಗೋಡೆಯ ಹತ್ತಿರ ಹಿಡಿದು ಹೊರಗಿನ ದೂರದ ಮರದ ಬಿಂಬ ಗೋಡೆಯ ಮೇಲೆ ಸ್ಪಷ್ಟವಾಗಿ ಮೂಡುವಂತೆ ಮಾಡಿ. ಗೋಡೆಗೂ ಮಸೂರಕ್ಕೂ ಇರುವ ದೂರವೇ ನಾಭಿದೂರ. ಅದು 15 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ರಾತ್ರಿ ದೀಪ ಆರಿಸಿ, ಮೊಬೈಲಿನ ಪರದೆಯನ್ನು ಮಸೂರದಿಂದ 16 ಸೆಂಟಿಮೀಟರ್ ದೂರದಲ್ಲಿ ತಲೆಕೆಳಗಾಗಿ ಇಡಿ. ಮಸೂರದಿಂದ 240 ಸೆಂಟಿಮೀಟರ್ ಆಚೆ ಗೋಡೆಯ ಮೇಲೆ 15 ಪಟ್ಟು ದೊಡ್ಡ ಬಿಂಬ ಮೂಡುತ್ತದೆ. ಅದು ಏಕೆ ಅಷ್ಟು ಮಂಕಾಗಿದೆ ಎಂದು ಈ ಲೇಖನ ಓದಿದವರು ಲೆಕ್ಕ ಹಾಕಿ ಹೇಳಬಲ್ಲಿರಿ. ಹೇಳಲಾಗದಿದ್ದರೆ ಅಜ್ಜಿಯ ಜೊತೆ ಕುಳಿತು ಇನ್ನೊಮ್ಮೆ ಮಾಡಿ ನೋಡಿ.